ನಿದ್ದೆಗೆಟ್ಟು ಬಂದವರ ಇಇಜಿ

ನಮ್ಮ ಕೋಣೆಗೆ ಇಇಜಿ ಮಾಡಿಸಲು ಬರುವವರಿಗೆಲ್ಲ ಮುಂಚೆಯೇ ಒಂದು ಚೀಟಿ ಕೊಡುತ್ತೇವೆ. ಅಂಗೈ ಅಗಲದ ಕಾಗದ, ಕನ್ನಡದಲ್ಲಿ ಐದು ಸಾಲು. ಶಾಂಪೂ ಹಾಕಿ ತಲೆ ತೊಳೆದು ಬನ್ನಿ. ಎಣ್ಣೆ ಹಚ್ಚಬೇಡಿ. ತಿಂಡಿ ತಿಂದು ಬನ್ನಿ. ದಿನದ ಮಾತ್ರೆ ತಪ್ಪಿಸಬೇಡಿ. ಹಿಂದಿನ ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಮಾಡಬೇಡಿ. ಈ ಐದನೇ ಸಾಲು ಫಿಟ್ಸ್ ಇರುವವರಿಗೋಸ್ಕರ. ನಿದ್ದೆಗೆಟ್ಟ ಮೆದುಳಿನಲ್ಲಿ ಫಿಟ್ಸಿನ ಗುರುತು ಬೇಗ ಸಿಗುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅವರೇ ಆದ್ದರಿಂದ ಎಲ್ಲರಿಗೂ ಒಂದೇ ಚೀಟಿ ಸಾಕು ಅಂತ ಯಾರೋ ಯಾವಾಗಲೋ ಕಟ್ಟುಗಟ್ಟಲೆ ಅಚ್ಚು ಹಾಕಿಸಿಟ್ಟಿದ್ದರು.

ಸಿಂಗಸಂದ್ರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ಇಇಜಿ ಟೆಕ್ನಿಷಿಯನ್. ತಲೆಯ ಮೇಲೆ ಇಪ್ಪತ್ತೊಂದು ಕಡೆ ವೈರು ಅಂಟಿಸಿ, ಮೆದುಳಿನಲ್ಲಿ ಹರಿಯುವ ವಿದ್ಯುತ್ತನ್ನು ಪರದೆಯ ಮೇಲೆ ಗೆರೆಗಳಾಗಿ ಮೂಡಿಸುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ, "ಕರೆಂಟ್ ಕೊಡ್ತೀರಾ?" ನಾನು ದಿನಕ್ಕೆ ಎಂಟು ಸಲ ಹೇಳುತ್ತೇನೆ, "ನಾವು ಕೊಡಲ್ಲ, ನಿಮ್ಮ ಕರೆಂಟನ್ನೇ ನೋಡ್ತೀವಿ." ಹೇಳಿ ಹೇಳಿ ಬಾಯಿ ಬತ್ತಿದೆ.

ನಮ್ಮ ಹಿರಿಯ ಡಾಕ್ಟರು ಪಾರ್ಕಿನ್ಸನ್ ರೋಗಿಗಳ ಇಇಜಿಯನ್ನು ವರ್ಷಕ್ಕೊಮ್ಮೆ ತೆಗೆಯುವ ಅಧ್ಯಯನ ಶುರುಮಾಡಿದಾಗ ಈ ಕಥೆ ಶುರುವಾಯಿತು. ಪಾರ್ಕಿನ್ಸನ್ ಅಂದರೆ ಜನ ಕೈನಡುಕ ಅಂದುಕೊಳ್ಳುತ್ತಾರೆ. ನಡುಕ ಕಣ್ಣಿಗೆ ಕಾಣುತ್ತದೆ, ಅದಕ್ಕೆ. ಕೆಲವರಲ್ಲಿ ಅದರ ಹಿಂದೆಯೇ ನೆನಪು, ಲೆಕ್ಕಾಚಾರ, ಒಂದಾದ ಮೇಲೊಂದು ಕೆಲಸ ಜೋಡಿಸಿಕೊಳ್ಳುವ ಶಕ್ತಿ ಇವೆಲ್ಲ ಸದ್ದಿಲ್ಲದೆ ಜಾರುತ್ತಿರುತ್ತವೆ. ಎಚ್ಚರವಿದ್ದು ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಎಂಟೊಂಬತ್ತು ಅಲೆಗಳು ನೆಟ್ಟಗೆ ಬರಬೇಕು. ಬುದ್ಧಿ ಮಂಕಾಗುತ್ತಾ ಹೋಗುವವರಲ್ಲಿ ಅನೇಕರಿಗೆ ಆ ಅಲೆ ನಿಧಾನವಾಗುತ್ತದೆ, ಏಳಕ್ಕಿಳಿಯುತ್ತದೆ, ಆರಕ್ಕಿಳಿಯುತ್ತದೆ. ಅದನ್ನು ಮುಂಚೆಯೇ ಹಿಡಿಯಬಹುದಾ ಅಂತ ಡಾಕ್ಟರು ನೋಡುತ್ತಿದ್ದರು.

ಇದರಲ್ಲಿ ಒಂದು ಫಜೀತಿ ಇದೆ. ತೂಕಡಿಸಿದರೆ ಯಾರ ಅಲೆಯಾದರೂ ನಿಧಾನವಾಗುತ್ತದೆ. ನನ್ನದೂ ಆಗುತ್ತದೆ, ನಿಮ್ಮದೂ ಆಗುತ್ತದೆ. ಈ ರೋಗಿಗಳ ವಿಷಯದಲ್ಲಂತೂ ನಿಧಾನವಾದ ಅಲೆ ಜೊಂಪಿನದೋ ರೋಗದ್ದೋ ಅಂತ ಆಮೇಲೆ ಪರದೆ ನೋಡಿ ಹೇಳುವುದು ಕಷ್ಟ. ಅದಕ್ಕೇ ರೆಕಾರ್ಡಿಂಗ್ ನಡೆಯುವಾಗ ಪಕ್ಕದಲ್ಲಿ ಕೂತವರು ರೋಗಿಯ ಮುಖ ನೋಡುತ್ತಾ, ಆಗಾಗ ಹೆಸರು ಹಿಡಿದು ಕರೆಯುತ್ತಾ, ಎಚ್ಚರವಿದ್ದ ಹೊತ್ತಿಗೆ 'ಎಚ್ಚರ' ಅಂತ ಗುರುತು ಹಾಕಬೇಕು. ಕಂಪ್ಯೂಟರ್ ಆ ಗುರುತಿನ ಭಾಗವನ್ನಷ್ಟೇ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ಇಡೀ ಅಧ್ಯಯನ ನಿಂತಿದ್ದು ಆ ಗುರುತಿನ ಮೇಲೆ, ಅಂದರೆ ನನ್ನ ಮೇಲೆ.

ಮೊದಲಿಗೆ ನಾವು ಇಬ್ಬರಿದ್ದೆವು. ಪಾರ್ಕಿನ್ಸನ್ನವರಿಗೆ ಚೀಟಿ ಕೊಡುವಾಗ ಐದನೇ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, "ನೀವು ಚೆನ್ನಾಗಿ ನಿದ್ದೆ ಮಾಡಿ ಬನ್ನಿ" ಅಂತ ಹೇಳಿ ಕಳಿಸುತ್ತಿದ್ದೆವು. ನನ್ನ ಜೊತೆಗಾತಿ ಹೆರಿಗೆ ರಜೆಗೆ ಹೋದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ದಿನಕ್ಕೆ ಏಳೆಂಟು ತಲೆ ಒಬ್ಬಳೇ ನೋಡಬೇಕು. ಅಳತೆ ಪಟ್ಟಿ ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳೆಯಬೇಕು, ಚರ್ಮ ಉಜ್ಜಬೇಕು, ಪೇಸ್ಟ್ ಹಾಕಿ ಒಂದೊಂದೇ ವೈರು ಕೂರಿಸಬೇಕು, ಪಕ್ಕದಲ್ಲಿ ಕೂತು ನೋಡಬೇಕು, ಬಿಚ್ಚಿ ತೊಳೆಯಬೇಕು. ಮಧ್ಯೆ ಐಸಿಯುನಿಂದ ಫೋನು. ಸಂಜೆಗೆ ಬೆನ್ನು ಬಿದ್ದುಹೋಗುತ್ತಿತ್ತು. ಆ ದಿನಗಳಲ್ಲಿ ಯಾವಾಗಲೋ ನಾನು ಕೆಂಪು ಪೆನ್ನು ಎತ್ತಿಕೊಳ್ಳುವುದನ್ನು ಬಿಟ್ಟೆ. ಮರೆತೆ ಅಂದರೆ ಸುಳ್ಳಾಗುತ್ತದೆ. ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಬಾಯಲ್ಲೂ ಹೇಳಲಿಲ್ಲ.

ಬಾಗಲಗುಂಟೆಯಿಂದ ಒಬ್ಬ ಟರ್ನರ್, ಲೇತ್ ಮೇಲೆ ಕಬ್ಬಿಣ ಕಡೆಯುವವರು, ಬಂದರು. ಅರವತ್ತು ದಾಟಿದವರು, ಪೀಣ್ಯದಲ್ಲಿ ಎರಡು ಲೇತ್ ಹಾಕಿಕೊಂಡು ಇಷ್ಟು ವರ್ಷ ಸ್ವಂತ ಕೆಲಸ ಮಾಡಿದವರು. ಜೊತೆಗೆ ಹೆಂಡತಿ. ನಗರದ ಆ ತುದಿಯಿಂದ ಈ ತುದಿಗೆ ಮೆಟ್ರೋದಲ್ಲಿ ಬಂದು, ಮಧ್ಯೆ ಲೈನ್ ಬದಲಾಯಿಸಿ, ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಇಬ್ಬರೂ ಸೋತಿದ್ದರು. ಹೊಸ್ತಿಲ ಹತ್ತಿರ ಅವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. ಹೆಂಡತಿ ತಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟರು. ಅವರು ಅದನ್ನು ದಾಟಿ ಒಳಗೆ ಬಂದರು. ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲವಂತೆ.

ಅವರಿಗೆ ಬೇಕಾಗಿದ್ದು ಆಪರೇಷನ್. ಮೆದುಳೊಳಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು ನಡುಕ ಹತೋಟಿಗೆ ತರುವಂಥದ್ದು. ಆದರೆ ಅದನ್ನು ಎಲ್ಲರಿಗೂ ಮಾಡುವುದಿಲ್ಲ. ಬುದ್ಧಿಶಕ್ತಿ ಆಗಲೇ ಜಾರುತ್ತಿದ್ದರೆ ಆಪರೇಷನ್ನಿನಿಂದ ಇನ್ನಷ್ಟು ಕೆಡಬಹುದು ಅಂತ ಬೇಡ ಅನ್ನುತ್ತಾರೆ. ಇವರ ಹಳೆಯ ಮೆಮೊರಿ ಟೆಸ್ಟ್ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವಂತೆ ಗಡಿಯಲ್ಲಿ ನಿಂತಿತ್ತು. ಇನ್ನೊಂದು ಸಲ ಮೆಮೊರಿ ಟೆಸ್ಟ್ ಮಾಡಿ, ಅದೇ ದಿನ ಇಇಜಿಯನ್ನೂ ನೋಡಿ ತೀರ್ಮಾನ ಮಾಡೋಣ ಅಂದಿದ್ದರು ಡಾಕ್ಟರು.

"ಕೈ ಒಂದು ನಿಂತ್ರೆ ಸಾಕು ಮೇಡಂ," ಅಂದರು, ನಾನು ತಲೆ ಅಳೆಯುತ್ತಿದ್ದಾಗ. "ಹತ್ತು ಮೈಕ್ರಾನ್ ವ್ಯತ್ಯಾಸ ಇದ್ರೂ ಬೆರಳಲ್ಲೇ ಹೇಳ್ತಿದ್ದೆ. ಈಗ ಮೈಕ್ರೋಮೀಟರ್ ಹಿಡ್ಕೊಳಕ್ಕೇ ಆಗಲ್ಲ. ಮಿಷಿನ್ ಮುಂದೆ ಹೋದ್ರೆ ನಾಚ್ಕೆ ಆಗುತ್ತೆ."

"ಆಗುತ್ತೆ ಬಿಡಿ ಸಾರ್," ಅಂದೆ. ಏನು ಆಗುತ್ತೆ ಅಂತ ನನಗೇ ಗೊತ್ತಿರಲಿಲ್ಲ.

ಅವರ ನಡುಕ ಸೆಕೆಂಡಿಗೆ ಐದು ಸಲ. ಅದು ತಲೆಯ ವೈರಿಗೆ ಸೇರಿಕೊಂಡರೆ ಥೇಟ್ ನಿಧಾನದ ಅಲೆಯಂತೆಯೇ ಕಾಣುತ್ತದೆ, ಅದಕ್ಕೆ ಮಣಿಕಟ್ಟಿಗೂ ಒಂದು ವೈರು ಹಾಕಿದೆ. ಅಷ್ಟು ಎಚ್ಚರಿಕೆ ನನ್ನಲ್ಲಿ ಉಳಿದಿತ್ತು. ಕಣ್ಣು ಮುಚ್ಚಿ ಅಂದೆ, ಮುಚ್ಚಿದರು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ನಾನು ಮುಂದಿನವರ ಫಾರಂ ತುಂಬುತ್ತಾ ಕೂತೆ. ಮಧ್ಯೆ ಒಂದು ಸಲ "ಸಾರ್, ಕಣ್ಣು ಬಿಡಿ" ಅಂದೆ. ತುಸು ತಡವಾಗಿ ಬಿಟ್ಟರು. ಪಾರ್ಕಿನ್ಸನ್ನವರು ಎಲ್ಲದಕ್ಕೂ ತಡ ಮಾಡುತ್ತಾರೆ ಅಂದುಕೊಂಡೆ. ಹತ್ತು ನಿಮಿಷಕ್ಕೂ 'ಎಚ್ಚರ' ಅಂತ ಗುರುತು ಹಾಕಿ, ವೈರು ಬಿಚ್ಚಿ ಮೆಮೊರಿ ಟೆಸ್ಟಿಗೆ ಕಳಿಸಿದೆ.

ಎರಡು ವಾರದ ಮೇಲೆ ಅವರ ಹೆಂಡತಿ ಒಬ್ಬರೇ ಬಂದರು. ಆಪರೇಷನ್ ಬೇಡ ಅಂತ ಡಾಕ್ಟರುಗಳ ಸಭೆಯಲ್ಲಿ ತೀರ್ಮಾನವಾಗಿತ್ತು. ಇಇಜಿ ಅಲೆ ಆರು, ಮೆಮೊರಿ ಟೆಸ್ಟ್ ಹಿಂದಿನದಕ್ಕಿಂತ ಕೆಳಗೆ. ಕಾಗದಪತ್ರ ತೆಗೆದುಕೊಂಡು ಹೋಗಲು ಬಂದಿದ್ದ ಆಕೆ ನನ್ನ ಬಾಗಿಲಲ್ಲಿ ನಿಂತರು.

"ಒಂದ್ ಮಾತು ಕೇಳ್ಲಾ ಮೇಡಂ? ನಾವು ಇನ್ನೂ ಕಡಿಮೆ ನಿದ್ದೆ ಮಾಡಿಸ್ಬೇಕಿತ್ತಾ?"

ನನಗೆ ಅರ್ಥವಾಗಲಿಲ್ಲ. "ಯಾಕಮ್ಮ?"

"ನಾಲ್ಕು ಗಂಟೆ ಅಂತ ಬರ್ದಿತ್ತಲ್ಲ. ಆಪರೇಷನ್ ವಿಷ್ಯ, ತಪ್ಪಾಗ್ಬಾರ್ದು ಅಂತ ನಾವು ಎರಡೇ ಗಂಟೆ ಮಲಗಿಸಿದ್ವಿ. ಪಾಪ, ತೂಗಿ ತೂಗಿ ಬೀಳೋರು. ಟೀ ಕೊಟ್ಟು, ಮುಖಕ್ಕೆ ನೀರು ಹಾಕಿ, ಹಿತ್ಲಲ್ಲಿ ನಡೆಸಿ ಎಚ್ಚರ ಇಟ್ಟಿದ್ವಿ." ಹೇಳುತ್ತಾ ಪರ್ಸಿನಿಂದ ಚೀಟಿ ತೆಗೆದು ತೋರಿಸಿದರು. ಐದು ಸಾಲೂ ಅಚ್ಚುಕಟ್ಟಾಗಿದ್ದವು. ಎಲ್ಲೂ ಕೆಂಪು ಗೆರೆ ಇರಲಿಲ್ಲ.

ಐದನೇ ಸಾಲು ನಿಮಗಲ್ಲ ಅಂತ ಆ ಕ್ಷಣವೇ ಹೇಳಬೇಕಿತ್ತು. "ವಿಚಾರಿಸಿ ಹೇಳ್ತೀನಮ್ಮ" ಅಂತ ತೊದಲಿ ಆಕೆಯನ್ನು ಕಳಿಸಿದೆ.

ಆಕೆ ಲಿಫ್ಟ್ ಹತ್ತಿದ ಮೇಲೆ ಆ ರೆಕಾರ್ಡಿಂಗ್ ತೆರೆದೆ. ಮೂರನೇ ನಿಮಿಷದಿಂದಲೇ ಹಣೆಯ ಮೇಲಿನ ವೈರುಗಳಲ್ಲಿ ಗೆರೆ ಮೆಲ್ಲಗೆ ಅತ್ತಿಂದಿತ್ತ ಹೊಯ್ದಾಡುತ್ತಿತ್ತು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ತೇಲುವುದು ಹಾಗೆ ಕಾಣುತ್ತದೆ. ಜೊಂಪು ಹತ್ತಿತು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಾಗುತ್ತದೆ. ಅದರ ತಲೆಯ ಮೇಲೆ ನನ್ನದೇ ಗುರುತು, 'ಎಚ್ಚರ'. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಧ್ಯಯನದ ಲೆಕ್ಕ ನೋಡಿಕೊಳ್ಳುವ ಕಿರಿಯ ಡಾಕ್ಟರಮ್ಮನಿಗೆ ಮೊದಲು ಹೇಳಿದೆ. ಒಳ್ಳೆಯ ಹೆಣ್ಣುಮಗಳು, ನನ್ನನ್ನು ಅಕ್ಕ ಅಂತಲೇ ಕರೆಯುತ್ತಾಳೆ. ಅವಳೂ ನನ್ನಷ್ಟೇ ಸುಸ್ತಾಗಿದ್ದಳು.

"ಅಕ್ಕ, ಒಂದು ಕೇಸ್ ತಾನೆ? ಸ್ಟಡಿಯಿಂದ ಸುಮ್ನೆ ತೆಗೆದ್ಬಿಡೋಣ. ಸಾರ್‌ಗೆ ಹೇಳಿದ್ರೆ ನಿಮ್ಮ ಎಲ್ಲಾ ಫೈಲ್ ಮೇಲೂ ಡೌಟ್ ಬರುತ್ತೆ."

"ಸ್ಟಡಿಯಿಂದ ತೆಗೀಬಹುದು. ಆಪರೇಷನ್ ಬೇಡ ಅಂದಿದ್ದನ್ನ ತೆಗೆಯೋಕಾಗುತ್ತಾ?" ಅಂದೆ.

ಅಷ್ಟು ಖಡಕ್ಕಾಗಿ ಮಾತಾಡಿದ ನಾನೇ ಎರಡು ದಿನ ಏನೂ ಮಾಡಲಿಲ್ಲ. ಕೆಲಸ ಹೋದರೆ ಎಂಬ ಭಯ. ಈ ವಯಸ್ಸಿನಲ್ಲಿ ಇನ್ನೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಿ, ಅಲ್ಲಿ ಹಳೆಯದು ಯಾಕೆ ಬಿಟ್ಟಿರಿ ಅಂತ ಕೇಳಿಸಿಕೊಳ್ಳಬೇಕಲ್ಲ ಎಂಬ ಸಂಕಟ. ಆ ಎರಡು ದಿನ ಬರುವವರಿಗೆಲ್ಲ "ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?" ಅಂತ ಕೇಳುತ್ತಾ ಹೋದೆ. ಎರಡನೇ ದಿನ ಬಂದ ಪಾರ್ಕಿನ್ಸನ್ ರೋಗಿಯೊಬ್ಬರು, ಟೀಚರ್ ಆಗಿದ್ದವರು, ಬಹಳ ಹೆಮ್ಮೆಯಿಂದ ಹೇಳಿದರು, "ಮೂರೂವರೆ ಗಂಟೆ ಅಷ್ಟೇ ಮೇಡಂ, ಅಲಾರಂ ಇಟ್ಕೊಂಡು ಎದ್ದೆ." ಅವರ ರೆಕಾರ್ಡಿಂಗ್ ಮಾಡದೆ ವಾಪಸ್ ಕಳಿಸಿದೆ. ರಿಜಿಸ್ಟರ್ ತೆಗೆದು, ಜೊತೆಗಾತಿ ರಜೆಗೆ ಹೋದ ದಿನದಿಂದ ಬಂದ ಪಾರ್ಕಿನ್ಸನ್ನವರನ್ನೆಲ್ಲ ಪಟ್ಟಿ ಮಾಡಿದೆ. ಹನ್ನೊಂದು ಜನ. ಹನ್ನೊಂದೂ ಫೈಲು ಎದೆಗವುಚಿಕೊಂಡು ಹಿರಿಯ ಡಾಕ್ಟರ ಕೋಣೆಗೆ ಹೋದೆ. ಇನ್ನೊಂದು ದಿನ ತಡೆದಿದ್ದರೆ ಹೋಗುತ್ತಿರಲಿಲ್ಲ ಅನ್ನಿಸುತ್ತದೆ.

ಅವರು ಚೀಟಿ ಓದಿದರು. ರೆಕಾರ್ಡಿಂಗ್ ನೋಡಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಈ ಕಣ್ಣು ತೇಲೋದನ್ನ ನಾನೂ ನೋಡ್ಬೇಕಿತ್ತು. ನಿಮ್ಮ ಗುರುತು ನೋಡಿ ನಂಬಿಬಿಟ್ಟೆ. ಇಪ್ಪತ್ತು ವರ್ಷದಿಂದ ಮಾಡ್ತಿದ್ದೀರಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. "ತಪ್ಪು ನಂದೇ ಸಾರ್," ಅಂದೆ.

"ಎಲ್ಲರನ್ನೂ ವಾಪಸ್ ಕರೀರಿ. ಇಇಜಿ, ಮೆಮೊರಿ ಟೆಸ್ಟ್, ಎರಡೂ ಹೊಸದಾಗಿ. ಯಾಕೆ ಅಂತ ನಿಜಾನೇ ಹೇಳಿ. ದುಡ್ಡು ತಗೋಬೇಡಿ. ಒಂದು ದಿನಕ್ಕೆ ಒಬ್ರೇ." ನಾನು ಬಾಗಿಲ ತನಕ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದರು, "ಮೊದ್ಲು ಆ ಚೀಟಿ ಕಟ್ಟನ್ನ ಬಿಸಾಕಿ."

ಹನ್ನೊಂದು ಮನೆಗೆ ಫೋನ್ ಮಾಡಿ "ತಪ್ಪು ನಮ್ಮದು" ಅಂತ ಹೇಳುವುದು ಎಂಥದ್ದು ಅಂತ ಮಾಡಿದವರಿಗೇ ಗೊತ್ತು. ಒಬ್ಬರು ಕೇಸ್ ಹಾಕುತ್ತೇವೆ ಅಂದರು. ಒಬ್ಬರು ಪೂರ್ತಿ ಕೇಳಿಸಿಕೊಳ್ಳದೆ ಫೋನ್ ಇಟ್ಟರು. ಸಿಂಗಸಂದ್ರದ ಹಳೇ ಊರಿನ ಮನೆಯೊಂದರಲ್ಲಿ ಒಬ್ಬ ಯಜಮಾನರಿದ್ದರು. ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಪಿ.ಜಿ. ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರ ಹೆಂಡತಿ ಫೋನ್ ತೆಗೆದರು.

"ಅಯ್ಯೋ, ಇಂಗಾ? ನಾನು ಅವತ್ತೇ ಅಂದೆ ಕಣವ್ವ, ನಿದ್ದೆ ಗೆಡಿಸಿ ಎಂತ ಪರೀಕ್ಷೆ ಅಂತ. ಮಕ್ಳು ಕೇಳ್ಬೇಕಲ್ಲ. ಅಪ್ಪನ್ನ ಕೂರಿಸ್ಕೊಂಡು ಬೆಳಗಿನ್ ಜಾವದವರ್ಗೂ ಇಸ್ಪೀಟು ಆಡವ್ರೆ. ಇವರೇ ಗೆದ್ದಿದ್ದು ಅನ್ನು."

ಎಷ್ಟೋ ದಿನದ ಮೇಲೆ ನಾನು ನಕ್ಕಿದ್ದು ಆಗಲೇ. ಆ ಯಜಮಾನರು ನಿದ್ದೆ ಮಾಡಿ ಬಂದ ದಿನ ಪರದೆ ನೋಡಿ ನನ್ನ ಕಣ್ಣು ತುಂಬಿ ಬಂತು. ಮೊದಲು ಆರೂವರೆ ಅಂತ ಬಂದಿದ್ದ ಅಲೆ ಈಗ ಒಂಬತ್ತು, ಹದವಾಗಿ ಹೆಣೆದ ಜಡೆಯಂತೆ ಒಂದರ ಹಿಂದೊಂದು. ಕಣ್ಣು ಬಿಡಿ ಅಂದರೆ ತಟ್ಟನೆ ಅಳಿಸಿಹೋಗುತ್ತಿತ್ತು, ಮುಚ್ಚಿದರೆ ಮತ್ತೆ ಬರುತ್ತಿತ್ತು. ಆರೋಗ್ಯವಾದ ಅಲೆಯ ಲಕ್ಷಣವೇ ಅದು. ಇನ್ನೂ ಇಬ್ಬರದು ಹಾಗೇ ಸರಿಹೋಯಿತು. ಒಂದೊಂದು ಸಲವೂ ನನಗೆ ಟರ್ನರ್ ಸಾರ್ ನೆನಪಾಗುತ್ತಿದ್ದರು. ಇವರದು ಸರಿಹೋಯಿತಲ್ಲ, ಅವರದೂ ಸರಿಹೋಗುತ್ತದೆ ಅಂದುಕೊಳ್ಳುತ್ತಿದ್ದೆ.

ಅವರ ಮನೆಗೆ ಎಲ್ಲರಿಗಿಂತ ಮೊದಲೇ ಫೋನ್ ಮಾಡಿದ್ದೆ. ಮೆಮೊರಿ ಟೆಸ್ಟ್ ಮಾಡುವವರ ದಿನ ಸಿಗದೆ ಅವರ ಸರದಿ ಮೂರು ವಾರ ಮುಂದೆ ಹೋಗಿತ್ತು. ಫೋನಿನಲ್ಲಿ ಎಲ್ಲ ಹೇಳಿ, ಕ್ಷಮಿಸಿ ಅಂದೆ. ಹೆಂಡತಿ ಬೈಯಲಿಲ್ಲ.

"ಹಂಗಾದ್ರೆ ಇವ್ರ ತಲೇಲಿ ಏನೂ ತೊಂದ್ರೆ ಇಲ್ವಾ ಮೇಡಂ? ಆಪರೇಷನ್ ಆಗುತ್ತಾ?"

"ಮತ್ತೆ ನೋಡಿದ ಮೇಲೆ ಡಾಕ್ಟರ್ ಹೇಳ್ತಾರಮ್ಮ." ಬಾಯಿ ಹಾಗಂದಿತು. ದನಿ ಮಾತ್ರ, ಆಗುತ್ತೆ ಅಂತಲೇ ಹೇಳಿತು. ನನಗೂ ಆಸೆ ಇತ್ತು, ಅದನ್ನು ಮುಚ್ಚಿಡಲು ಬರಲಿಲ್ಲ.

ಅವರ ಸರದಿಯ ಹಿಂದಿನ ದಿನವೇ ಇಬ್ಬರೂ ಬಂದು ಹೊಸೂರು ರಸ್ತೆಯ ನೆಂಟರ ಮನೆಯಲ್ಲಿ ಉಳಿದಿದ್ದರು. ಪ್ರಯಾಣದ ಸುಸ್ತು ಬೇಡ ಅಂತ. ಎಂಟು ಗಂಟೆ ನಿದ್ದೆ, ಇಡ್ಲಿ, ಹೊತ್ತಿಗೆ ಸರಿಯಾಗಿ ಮಾತ್ರೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಖ ತಿಳಿಯಾಗಿ ಬಂದರು. ಹೊರಗೆ ಯಾರೂ ಕಾಯುತ್ತಿರಲಿಲ್ಲ. ಫಾರಂ ಇಲ್ಲ, ಫೋನ್ ಬಂದ್. ಅವರ ಮುಖದಿಂದ ಎರಡಡಿ ದೂರದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ.

"ಸಾರ್, ಕಣ್ಣು ಮುಚ್ಚಿ. ನಿದ್ದೆ ಮಾತ್ರ ಬೇಡ."

"ಇವತ್ತೆಲ್ಲಿ ಬರುತ್ತೆ ಮೇಡಂ ನಿದ್ದೆ," ಅಂತ ನಕ್ಕರು.

ಗೆರೆಗಳು ಬಂದವು. ಪರದೆಯ ಮೇಲೆ ಒಂದೊಂದು ಸೆಕೆಂಡಿಗೂ ಉದ್ದಕ್ಕೆ ಒಂದು ಕಂಬಿ ಎಳೆದಿರುತ್ತದೆ. ಎರಡು ಕಂಬಿಗಳ ಮಧ್ಯೆ ಎಣಿಸಿದೆ. ಆರು. ಮುಂದಿನದು ಎಣಿಸಿದೆ. ಆರು. ಅದರ ಮುಂದಿನದು ಐದೂವರೆ.

ಹೆಸರು ಕರೆದೆ, ತಕ್ಷಣ "ಹೂಂ" ಅಂದರು. ನೂರರಿಂದ ಏಳೇಳು ಕಳೆಯಿರಿ ಅಂದೆ. ತೊಂಬತ್ತಮೂರು, ಎಂಬತ್ತಾರು ಅಂದರು, ಅಲ್ಲಿ ತಡವರಿಸಿ ಮತ್ತೆ ತೊಂಬತ್ತಮೂರಕ್ಕೆ ಹೋದರು. ಎಚ್ಚರವಾಗಿಯೇ ಇದ್ದರು. ಹಣೆಯ ವೈರುಗಳಲ್ಲಿ ಕಣ್ಣು ತೇಲುವ ಸುಳಿವೇ ಇಲ್ಲ. ಕೈನಡುಕ ಸೇರಿಕೊಂಡಿರಬಹುದು ಅಂತ ಮಣಿಕಟ್ಟಿನ ಗೆರೆ ನೋಡಿದೆ, ಮಾತ್ರೆ ಹಿಡಿದಿತ್ತು, ಗೆರೆ ಸಪಾಟಾಗಿತ್ತು. ಹಿಂದಲೆಯ ವೈರುಗಳನ್ನು ಕಿತ್ತು, ಚರ್ಮ ಮತ್ತೆ ಉಜ್ಜಿ, ಹೊಸ ಪೇಸ್ಟ್ ಹಾಕಿ ಕೂರಿಸಿದೆ. ಕಣ್ಣು ಬಿಡಿಸಿದೆ, ಮುಚ್ಚಿಸಿದೆ. ಅಲೆ ಅಳಿಸಿಹೋಗಲೂ ಇಲ್ಲ, ಬೇಗವಾಗಲೂ ಇಲ್ಲ. ಆರು, ಆರು, ಆರು. ಹತ್ತು ನಿಮಿಷ ಸಾಕಾಗಿತ್ತು, ನಾನು ಇಪ್ಪತ್ತೈದು ನಿಮಿಷ ತೆಗೆದೆ. ಕೊನೆಗೆ ತೆಗೆಯಲು ನೆಪ ಉಳಿಯಲಿಲ್ಲ.

ಮಷಿನ್ ನಿಲ್ಲಿಸಿದೆ. ಅವರು ಕಣ್ಣು ಬಿಟ್ಟು, "ಈ ಸಲ ಒಂದ್ ಚೂರೂ ನಿದ್ದೆ ಮಾಡ್ಲಿಲ್ಲ, ಅಲ್ವಾ ಮೇಡಂ?" ಅಂದರು.

"ಇಲ್ಲ ಸಾರ್. ಪೂರ್ತಿ ಎಚ್ಚರವಾಗೇ ಇದ್ರಿ."

"ಕೇಳಿದ್ಯೇನೇ?" ಅಂತ ಮೂಲೆಯಲ್ಲಿ ಕೂತಿದ್ದ ಹೆಂಡತಿಯನ್ನು ಕರೆದರು. "ಪೂರ್ತಿ ಎಚ್ಚರ ಇದ್ದೆನಂತೆ." ಪರೀಕ್ಷೆ ಪಾಸಾದವರ ಖುಷಿ ಅವರ ಮುಖದಲ್ಲಿತ್ತು. ತಲೆ ತೊಳೆದುಕೊಳ್ಳಲು ವಾರ್ಡ್ ಅಟೆಂಡರ್ ಅವರನ್ನು ಪಕ್ಕದ ಬಾತ್‌ರೂಮಿಗೆ ಕರೆದುಕೊಂಡು ಹೋದರು.

ಹೆಂಡತಿ ಎದ್ದು ಬಂದು ನನ್ನ ಎದುರು ನಿಂತರು. ಟೆಕ್ನಿಷಿಯನ್ನುಗಳು ಫಲಿತಾಂಶ ಹೇಳುವಂತಿಲ್ಲ. ನಾನು ವೈರುಗಳನ್ನು ಸುತ್ತಿಡುವ ನೆಪದಲ್ಲಿ ತಲೆ ತಗ್ಗಿಸಿದೆ. ಆಕೆ ಅಷ್ಟರಲ್ಲೇ ತಿಳಿದುಕೊಂಡರು.

"ಹೋದ ವರ್ಷದಿಂದ್ಲೇ ನಂಗೆ ಅನುಮಾನ ಇತ್ತು ಮೇಡಂ," ಅಂದರು, ದನಿ ತಗ್ಗಿಸಿ. "ಪೀಣ್ಯದಿಂದ ಮನೆಗೆ ದಾರಿ ತಪ್ಪಿದ್ರು ಒಂದಿನ. ಮೂವತ್ತು ವರ್ಷ ಓಡಾಡಿದ ದಾರಿ. ನಾನು ಯಾರಿಗೂ ಹೇಳ್ಲಿಲ್ಲ. ನೀವು ಫೋನ್ ಮಾಡಿ ತಪ್ಪು ನಿಮ್ದು ಅಂದ್ರಲ್ಲ, ಮೂರು ವಾರ ನೆಮ್ಮದಿಯಾಗಿದ್ದೆ."

"ಕ್ಷಮಿಸಿ ಅಮ್ಮ," ಅಂದೆ. ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಬಾತ್‌ರೂಮಿನಲ್ಲಿ ನಲ್ಲಿ ನಿಂತ ಸದ್ದು ಕೇಳಿಸಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಸರಿಮಾಡಿಕೊಂಡರು.

"ನಿಮ್ ತಪ್ಪೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಮೇಡಂ," ಅಂದರು.

ನಾನೂ ಬೆಳಗ್ಗೆಯಿಂದ ದೇವರಲ್ಲಿ ಅದನ್ನೇ ಬೇಡಿಕೊಂಡಿದ್ದೆ.